ವಿಮಾನದ ಮೇಲೆ ಕೂತವನು

ಎಷ್ಟೋ ಜನ ವಿಮಾನದೊಳಗೆ ಕೂತಿದ್ದಾರೆ. ನಾನು ವಿಮಾನದ ಮೇಲೆ ಕೂತಿದ್ದೇನೆ. ಅದೂ ಸಿಂಧನೂರಿನಿಂದ ಮಸ್ಕಿಯವರೆಗೆ, ನಡುವೆ ಒಮ್ಮೆಯೂ ಏಳದೆ. ಒಳಗೆ ಕೂತವರಿಗೆ ಚಾಕಲೇಟು ಕೊಡುತ್ತಾರಂತೆ. ನನಗೆ ಸಿಕ್ಕದ್ದು ಐದು ದಿನಗಳ ಗೋಳು.

ಎಂಬತ್ತರ ದಶಕದ ಕೊನೆಯ ಮಾತು. ನಾನು ಮಸ್ಕಿಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ವಿಜ್ಞಾನದ ಮಾಸ್ತರ ಅಮರೇಶಪ್ಪ ನನ್ನ ಜೀವದ ಗೆಳೆಯ, ಗುರುಗುಂಟಾದವರು. ಅವರಿಗೆ ವಿಮಾನದ ಹುಚ್ಚು. ಎಂಜಿನ್ ಗಿಂಜಿನ್ ಇಲ್ಲದ ವಿಮಾನ: ಬಿದಿರಿನ ಮೈ, ಥರ್ಮಾಕೋಲ್ ರೆಕ್ಕೆ. ಸೈಕಲ್ ಟ್ಯೂಬಿನ ಪಟ್ಟಿಯಿಂದ ಜಗ್ಗಿ ಬಿಟ್ಟರೆ ತೇಲಿ ಹೋಗಬೇಕು. ಮೊದಲನೆಯದು ತೇಲದೆ ಮೂಗು ಕೆಳಗೆ ಮಾಡಿ ನೆಲಕ್ಕೆ ಗುದ್ದಿತು. ಎರಡನೆಯದು ಶಾಲೆಯ ಬೇವಿನ ಮರ ಸೇರಿ ಅಲ್ಲಿಯೇ ಸಂಸಾರ ಹೂಡಿತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಅವರನ್ನು ‘ಪೈಲಟ್ ಸಾಹೇಬ್ರು’ ಎಂದು ಕರೆಯತೊಡಗಿದರು. ಅವರೂ ಜೊತೆಗೆ ನಗುತ್ತಿದ್ದರು, ಆದರೆ ಕಿವಿ ಕೆಂಪಾಗುತ್ತಿದ್ದುದನ್ನು ನಾನು ನೋಡಿದ್ದೇನೆ. ಮೂರನೆಯದು ಲಿಂಗಸುಗೂರಿನ ವಿಜ್ಞಾನ ಪ್ರದರ್ಶನದಲ್ಲಿ ಎಲ್ಲರೆದುರು ಹಾರಬೇಕಿತ್ತು. ಅದು ಬಿದ್ದರೆ ಮತ್ತೆ ವಿಮಾನದ ಸುದ್ದಿ ಎತ್ತುವುದಿಲ್ಲ ಎಂದು ಅವರು ನನಗೊಬ್ಬನಿಗೇ ಹೇಳಿದ್ದರು.

ಪ್ರದರ್ಶನಕ್ಕೆ ಒಂದು ವಾರ ಇರುವಾಗ, ಭಾನುವಾರ, ಇಬ್ಬರೂ ಸಿಂಧನೂರಿಗೆ ಹೋದೆವು. ಟಿವಿ ಮಾರುವ ಪರಿಚಯದವರೊಬ್ಬರು ಡಬ್ಬಿಯೊಳಗಿನ ಥರ್ಮಾಕೋಲ್ ಕೊಟ್ಟರು. ಕರೆಂಟಿನ ಒಲೆಯ ತಂತಿಯನ್ನು ಕೆಂಪಗೆ ಕಾಯಿಸಿ, ಅವರ ಹಿತ್ತಲಿನಲ್ಲಿ ಅಮರೇಶಪ್ಪ ಉಸಿರು ಬಿಗಿಹಿಡಿದು ರೆಕ್ಕೆ ಕೊಯ್ದರು. ನಾಲ್ಕು ಅಡಿ ಉದ್ದ, ಕೈಯಲ್ಲಿ ಹಿಡಿದರೆ ಏನೂ ಹಿಡಿದಂತೆಯೇ ಇಲ್ಲ. ಅದನ್ನು ಮನೆಗೆ ಒಯ್ದು ಬಣ್ಣ ಹಚ್ಚಿಕೊಡುವುದು ನನ್ನ ಕೆಲಸ.

ನಮ್ಮ ಕಡೆ ಬಸ್ಸಿನಲ್ಲಿ ಸೀಟು ಹಿಡಿಯುವ ಪದ್ಧತಿ ನಿಮಗೂ ಗೊತ್ತು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲನ್ನೋ ಚೀಲವನ್ನೋ ಸೀಟಿಗೆ ಒಗೆಯಬೇಕು. ಒಗೆದರೆ ಸೀಟು ನಿಮ್ಮದು. ಅದಕ್ಕೆ ಕೋರ್ಟು ಕಚೇರಿಯೂ ಅಡ್ಡ ಬರುವುದಿಲ್ಲ. ಅವತ್ತು ನನ್ನ ಕೈಯಲ್ಲಿದ್ದದ್ದು ಪೇಪರು ಸುತ್ತಿದ ರೆಕ್ಕೆ. ಕಿಟಕಿಯ ಸರಳುಗಳ ನಡುವೆ ಅದು ಸಲೀಸಾಗಿ ತೂರಿತು. ಸೀಟಿನ ಮೇಲೆ ಮಲಗಿಸಿ, ಮೇಲೆ ನನ್ನ ಟವೆಲ್ಲನ್ನೂ ಹೊದಿಸಿದೆ. ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ನೂಕಾಡಿ ಒಳಗೆ ಹೋಗುವುದರೊಳಗೆ ವಳಕಮದಿನ್ನಿಯ ಒಬ್ಬ ಹಿರಿಯರು, ಗಿರಿಜಾ ಮೀಸೆಯವರು, ಸೀಟಿನ ಹತ್ತಿರ ನಿಂತಿದ್ದರು.

“ಇದು ನಂದ್ರೀ, ಟವೆಲ್ ಹಾಕೀನಿ,” ಎಂದೆ.

“ಸೀಟಿಗೇನು ನಿಮ್ಮ ಹೆಸರು ಬರದೈತೇನು?”

“ಬರದೈತಿ!”

“ಅಲ್ರೀ, ಅಲ್ಲಿ ಟವೆಲ್ ಬುಡಕ ಏನೋ ಐತಿ, ನೋಡ್ರಿ...”

ನನ್ನನ್ನು ಬಗ್ಗಿಸಿ ತಾನು ಕೂಡುವ ಹಂಚಿಕೆ ಎಂದುಕೊಂಡೆ. ಇಂಥವು ಎಷ್ಟು ನೋಡಿಲ್ಲ! ಜಗಳದ ಭರದಲ್ಲಿ ರೆಕ್ಕೆಯನ್ನೇ ಮರೆತು, ಇಡೀ ಬಸ್ಸು ನೋಡುವಂತೆ ಧಡಕ್ಕನೆ ಕೂತೆ. ಕೆಳಗೆ ‘ಕರ್ರ್’ ಎಂದಿತು.

ಆಗಲೇ ಎದ್ದಿದ್ದರೆ ರೆಕ್ಕೆ ಒಂದಿಷ್ಟು ಉಳಿಯುತ್ತಿತ್ತೇನೋ. ಆದರೆ ಎದ್ದರೆ ಸೀಟು ಹೋಗುತ್ತದೆ, ಸೀಟಿನ ಜೊತೆ ಮಾನವೂ ಹೋಗುತ್ತದೆ. ಹಾಗಾಗಿ ಜವಳಗೇರಾದ ನಮ್ಮ ಬೀಗರ ಬಗ್ಗೆ ಯೋಚಿಸುವವನಂತೆ ಮುಖ ಮಾಡಿಕೊಂಡು ಮಸ್ಕಿಯವರೆಗೆ ಕೂತೇ ಇದ್ದೆ. ಅಮರೇಶಪ್ಪ ಮುಂದೆ ಡ್ರೈವರನ ಹತ್ತಿರ, ರೆಕ್ಕೆಯ ಅಳತೆಗೆಂದು ತಂದಿದ್ದ ಬಿದಿರಿನ ಮೈಯನ್ನು ಕೂಸಿನಂತೆ ಅವುಚಿಕೊಂಡು ನಿಂತಿದ್ದರು. ಇಳಿದ ಮೇಲೆ “ಜ್ವಾಕಿ ರೀ ಮಾಸ್ತರ,” ಎಂದರು. “ನೀವೇನ್ ಚಿಂತಿ ಮಾಡಬ್ಯಾಡ್ರಿ,” ಎಂದು ಪೇಪರಿನ ಗಂಟು ಬಗಲಲ್ಲಿಟ್ಟುಕೊಂಡು, ಅವರಿಗಿಂತ ಮುಂದೆ ಮುಂದೆ ಬಜಾರು ದಾಟಿ ಮನೆ ಸೇರಿದೆ.

ಬಿಚ್ಚಿದರೆ ಬಲರೆಕ್ಕೆಯಲ್ಲಿ ಗೇಣುದ್ದ ಸೀಳು, ನನ್ನ ಗಾತ್ರಕ್ಕೆ ತಕ್ಕ ತಗ್ಗು. ಬೆಟ್ಟಗಳಿಗೆ ಹಿಂದೆ ರೆಕ್ಕೆಗಳಿದ್ದವಂತೆ, ದೇವತೆಗಳ ರಾಜ ಅವನ್ನು ಕತ್ತರಿಸಿ ಹಾಕಿದನಂತೆ. ಮಸ್ಕಿಯ ಗುಡ್ಡ ಅಂದಿನಿಂದ ಕೂತದ್ದು ಎದ್ದಿಲ್ಲ. ಪುರಾಣಗಳಲ್ಲಿ ರೆಕ್ಕೆ ಕತ್ತರಿಸಿದವರ ಕಥೆಗಳು ಬೇಕಾದಷ್ಟಿವೆ, ದುರಸ್ತಿ ಮಾಡಿದವರದು ಒಂದೂ ಇಲ್ಲ. ಹೀಗಾಗಿ ನನಗೆ ಹಿರಿಯರ ಮಾರ್ಗದರ್ಶನ ಸಿಗಲಿಲ್ಲ.

ಮೊದಲು ಸೈಕಲ್ ಪಂಕ್ಚರಿನ ಸೊಲ್ಯೂಷನ್ ಹಚ್ಚಿದೆ. ಅದು ಥರ್ಮಾಕೋಲನ್ನು ಅಂಟಿಸುವುದಿಲ್ಲ, ತಿನ್ನುತ್ತದೆ. ನೋಡುನೋಡುತ್ತಿದ್ದಂತೆ ಸೀಳು ಅಗಲವಾಗಿ ಬಾಯಿ ತೆರೆಯಿತು. ಗಾಬರಿಯಾಗಿ ಒರೆಸಿ, ಬಡಿಗೇರರ ಬಿಳಿ ಅಂಟು ತಂದು ಸೀಳು ಮುಚ್ಚಿದೆ. ತಗ್ಗು ತುಂಬಲು ಟ್ರ್ಯಾಕ್ಟರ್ ಟ್ರಾಲಿಗೆ ಬಣ್ಣ ಬಳಿಯುವ ಖಾಸೀಮಸಾಬರ ಹತ್ತಿರ ಪುಟ್ಟಿ ಕೇಳಿದೆ. “ಇದನ್ನ ಮೆತ್ತಿದ್ರ ಆನಿ ತುಳದ್ರೂ ಏನಾಗಂಗಿಲ್ಲ ನೋಡ್ರಿ,” ಎಂದರು. ಆನೆಯ ಮಾತು ನನಗೆ ಸ್ವಲ್ಪ ಚುಚ್ಚಿತು, ಆದರೂ ತಂದೆ.

ಪುಟ್ಟಿ ಕಲ್ಲಾಯಿತು. ಪಾಲಿಶ್ ಪೇಪರಿನಿಂದ ತಿಕ್ಕಿದರೆ ಅದು ಸವೆಯುವುದಿಲ್ಲ, ಸುತ್ತಲಿನ ಮೆತ್ತನೆಯ ಥರ್ಮಾಕೋಲ್ ಸವೆಯುತ್ತದೆ. ಅಲ್ಲಿ ಹೊಸ ತಗ್ಗು. ಅದಕ್ಕೆ ಮತ್ತೆ ಪುಟ್ಟಿ, ಮತ್ತೆ ತಿಕ್ಕುವುದು, ಮತ್ತೆ ತಗ್ಗು. ಬುಧವಾರದ ಹೊತ್ತಿಗೆ ಅಂಗೈಯಷ್ಟಿದ್ದ ತೇಪೆ ಊಟದ ತಾಟಿನಷ್ಟಾಯಿತು.

ಬಾಗಿಲಲ್ಲಿ ಕೂತು ಹಳೇ ಬಟ್ಟೆಯ ತುಂಡುಗಳ ಕೌದಿ ಹೊಲಿಯುತ್ತಿದ್ದ ನನ್ನ ಹೆಂಡತಿ ಶಾಂತಾ ಮೂರು ದಿನ ಇದನ್ನು ನೋಡಿದಳು. ಕೊನೆಗೆ ತಡೆಯದೆ ಅಂದಳು:

“ಹಳೇ ಸೀರಿಗಿ ಹೊಸಾ ಬಿರುಸು ಬಟ್ಟಿ ಹಚ್ಚಿದ್ರ ಅದು ಹರಿಯಂಗಿಲ್ಲ, ಸುತ್ತಲಿನ ಸೀರಿ ಹರೀತೈತಿ. ನಾವು ಕೌದಿಗಿ ಹಳೇದನ್ನ ಹುಡುಕಿ ಹಚ್ಚತೀವಿ. ನೀವು ಮೆತ್ತಂದಕ್ಕ ಕಲ್ಲು ಹಚ್ಚಾಕತ್ತೀರಿ. ಅಮರೇಶಣ್ಣಗ ಹೇಳಿಬಿಡ್ರಿ.”

“ಡ್ರಾಯಿಂಗ್ ಮಾಸ್ತರ ನಾನೋ ನೀನೋ?” ಎಂದೆ. ನೋಡಿ, ನನ್ನ ಬಾಯಲ್ಲಿಯೂ ಪುಟ್ಟಿಯೇ ಇತ್ತು.

ಎಲ್ಲದರ ಮೇಲೆ ಪತಂಗದ, ಅಂದರೆ ಗಾಳಿಪಟದ, ತೆಳು ಕಾಗದ ಅಂಟಿಸಿ, ನೀಲಿ ಬಳಿದು, ಬಿಳಿಯ ಬೆಳ್ಳಕ್ಕಿಯೊಂದನ್ನು ಬರೆದೆ. ಹೊರಗೆ ಏನೂ ಕಾಣುವಂತಿರಲಿಲ್ಲ. ಶುಕ್ರವಾರ ಸಂಜೆ ಅಮರೇಶಪ್ಪ ಮನೆಗೆ ಬಂದರು. ಬಣ್ಣವನ್ನು ಹೊಗಳಲಿಲ್ಲ. ಜೇಬಿನಿಂದ ದಾರ ತೆಗೆದು, ರೆಕ್ಕೆಯ ನಡುವಿಗೆ ಕಟ್ಟಿ, ತೂಗಬಿಟ್ಟರು. ಬಲಗಡೆಯ ತುದಿ ನಿಧಾನವಾಗಿ ಇಳಿಯುತ್ತ ಇಳಿಯುತ್ತ ನನ್ನ ಪಾದವನ್ನು ತೋರಿಸಿ ನಿಂತಿತು.

“ಸರ... ಬಸ್ಸಿನಾಗ... ಸೀಟಿನ ಜಗಳದಾಗ... ನಾನ ಅದರ ಮ್ಯಾಲ ಕೂತೆ,” ಎಂದೆ.

“ಗೊತ್ತೈತಿ,” ಎಂದರು ಅಮರೇಶಪ್ಪ. “ಅವತ್ತು ಬಜಾರದಾಗ ನಾ ನಿಮ್ಮ ಹಿಂದ ಬರಾಕತ್ತಿದ್ದೆ. ಕರೀ ಪ್ಯಾಂಟಿನ ಹಿಂದ ಸಾಬುದಾನಿ ಚೆಲ್ಲಿದಂಗ ಬಿಳೇ ಕಾಳು. ಮಂದಿ ನಿಂತು ನೋಡಾಕತ್ತಿದ್ರು.”

ನಾನು ಶಾಂತಾಳ ಕಡೆ ನೋಡಿದೆ. “ಆ ಪ್ಯಾಂಟ್ ಒಗದಾಕಿ ನಾನ,” ಎಂದಳು.

ಐದು ದಿನ ನಾನು ಮುಚ್ಚಿಟ್ಟ ಗುಟ್ಟು ಎಲ್ಲರಿಗೂ ಮೊದಲೇ ಗೊತ್ತಿತ್ತು. ಅದನ್ನು ಬೆನ್ನಿಗೆ ಹಚ್ಚಿಕೊಂಡು ನಾನೇ ಊರೆಲ್ಲ ಮೆರೆಸಿದ್ದೆ.

“ಮುರದದ್ದಕ್ಕ ಸಿಟ್ಟು ಬರಲಿಲ್ಲ ಮಾಸ್ತರ,” ಎಂದರು ಅವರು, ದಾರ ಬಿಚ್ಚುತ್ತ. “ಇವತ್ತು ಹೇಳ್ತಾರ, ನಾಳಿಗಿ ಹೇಳ್ತಾರ ಅಂತ ದಿನಾ ಸ್ಟಾಫ್ ರೂಮಿನಾಗ ನಿಮ್ಮ ಮಾರಿ ನೋಡ್ತಿದ್ದೆ. ಅದಕ್ಕ ಸಂಕಟ ಆತು.” ನನಗೆ ನಿಂತಲ್ಲೇ ಅಳು ಬಂತು. ಅವರ ಕಿವಿ ಕೆಂಪಾದಾಗಲೆಲ್ಲ ಪಕ್ಕದಲ್ಲಿ ನಿಂತು ನೋಡಿದವನು ನಾನು. ಆ ಮನುಷ್ಯನ ಕೊನೆಯ ರೆಕ್ಕೆಯನ್ನು ಮುರಿದು, ಮೇಲೆ ಬೆಳ್ಳಕ್ಕಿ ಬರೆದು ಕೊಟ್ಟಿದ್ದೆ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಮೂವರೂ ಕೂತೆವು. ಪುಟ್ಟಿಯನ್ನು ಕೊರೆದು ತೆಗೆದೆವು. ಮಿಕ್ಕಿದ್ದ ಥರ್ಮಾಕೋಲಿನದೇ ಒಂದು ತುಂಡನ್ನು ಶಾಂತಾ ಕೌದಿಯ ತೇಪೆಯಂತೆ ಅಳೆದು ಕತ್ತರಿಸಿ ಕೂಡಿಸಿದಳು. ಅಂಚಿಗೆ ಒಂದೆಳೆಯಷ್ಟು ಬಿಳಿ ಅಂಟು, ಮೇಲೆ ಗಂಜಿಯಲ್ಲಿ ಅದ್ದಿದ ಪತಂಗದ ಕಾಗದ. ಕಾಗದ ಒಣಗುತ್ತ ತಾನೇ ಬಿಗಿಯಾಯಿತು. ಈ ಸಲ ತಿಕ್ಕಿದಾಗ ರೆಕ್ಕೆಯೂ ತೇಪೆಯೂ ಒಂದೇ ಸಮ ಸವೆದವು. ಬಣ್ಣ ಹಚ್ಚಲೇ ಎಂದು ಕೇಳಿದೆ. ಇಬ್ಬರೂ ಒಟ್ಟಿಗೆ “ಬ್ಯಾಡ್ರಿ,” ಎಂದರು.

ಭಾನುವಾರ ಲಿಂಗಸುಗೂರಿನ ಮೈದಾನದಲ್ಲಿ ಅಮರೇಶಪ್ಪ ರಬ್ಬರ್ ಜಗ್ಗಿ ಬಿಟ್ಟರು. ನಾನು ಕಣ್ಣು ಮುಚ್ಚಿಕೊಂಡೆ. ಜನ ಹೋ ಎಂದಾಗ ತೆರೆದೆ. ವಿಮಾನ ನಮ್ಮ ತಲೆಗಳ ಮೇಲೆ ಒಂದು ಸುತ್ತು ಹಾಕಿ, ಮೈದಾನದ ಆಚೆ ತುದಿಯಲ್ಲಿ, ಬೆಳ್ಳಕ್ಕಿ ಗದ್ದೆಗೆ ಇಳಿದಂತೆ ಇಳಿಯಿತು. ‘ಪೈಲಟ್ ಸಾಹೇಬ್ರು’ ಎಂದು ನಗುತ್ತಿದ್ದವರೇ ಎಲ್ಲರಿಗಿಂತ ಮೊದಲು ಅತ್ತ ಓಡಿದರು.

ನೋಡಲು ಬಂದ ಸಾಹೇಬರೊಬ್ಬರು ವಿಮಾನವನ್ನು ಕೈಗೆತ್ತಿಕೊಂಡು ತಿರುಗಿಸಿ, ಬಲರೆಕ್ಕೆಯ ಬಿಳಿಯ ಚೌಕವನ್ನು ಮುಟ್ಟಿ, “ಇದೇನ್ರಿ ಇಲ್ಲಿ?” ಎಂದು ಕೇಳಿದರು.

ಅಮರೇಶಪ್ಪ ನನ್ನ ಹೆಗಲ ಮೇಲೆ ಕೈ ಹಾಕಿ ಹೇಳಿದರು: “ಅದು ನಮ್ಮ ಡ್ರಾಯಿಂಗ್ ಮಾಸ್ತರ ಸೀಟು ರೀ ಸರ. ಟವೆಲ್ ಹಾಕಿ ಹಿಡದಾರ.”