ಗಿರಿಜೆ ಮುಟ್ಟಿ ಹೇಳಿದ ಮಾತು

ಗಿರಿಜೆ ಮಾತಾಡುತ್ತಿದ್ದುದು ಎಡಗೈ ಮುಷ್ಟಿಯಿಂದ. ಹುಟ್ಟಿನಿಂದಲೂ ಅವಳ ನಾಲಗೆ ಹೊರಳದು, ಬೆರಳು ಬಿಚ್ಚದು. ನಡುಗುವ ಮುಷ್ಟಿಯ ಗೆಣ್ಣನ್ನು ಹಲಗೆಯ ಮೇಲಿನ ಒಂದು ಚಿಹ್ನೆಗೆ ತಂದು ಮುಟ್ಟಿಸುವಷ್ಟರಲ್ಲಿ ಕುತ್ತಿಗೆಯೆಲ್ಲ ಬೆವರುತ್ತಿತ್ತು.

ಹಲಗೆ ಮಾಡಿಕೊಟ್ಟವಳು ನಾನು. ತೊಂಬತ್ತರ ದಶಕದಲ್ಲಿ ಕಣಕಟ್ಟೆ ಶಾಲೆಯಲ್ಲಿ ಟೀಚರಾಗಿದ್ದಾಗ ಬೆಂಗಳೂರಿನ ಒಂದು ತರಬೇತಿಯಲ್ಲಿ ಮಾತು ಬಾರದವರ ಈ ಚಿಹ್ನೆಗಳ ಬರಹವನ್ನು ಕಲಿತು ಬಂದಿದ್ದೆ. ಹೃದಯದ ಪಕ್ಕ ಮೇಲ್ಮುಖ ಬಾಣವಿದ್ದರೆ ಸಂತೋಷ, ಕೆಳಮುಖವಿದ್ದರೆ ದುಃಖ. ಕೆಳಗೆ ಕನ್ನಡದಲ್ಲೂ ಬರೆದಿದ್ದೆ. ನೆರೆಮನೆಯ ಗಂಗಮ್ಮನ ಮಗಳು, ಇಪ್ಪತ್ತೆರಡರ ಗಿರಿಜೆ, ಎರಡೇ ತಿಂಗಳಲ್ಲಿ ಎಲ್ಲವನ್ನೂ ಕಲಿತಳು. ಕಲಿಯದವಳು ನಾನು. ಅವಳು ಎರಡು ಚಿಹ್ನೆ ಮುಟ್ಟುವಷ್ಟರಲ್ಲಿ ಮೂರನೆಯದನ್ನು ನಾನೇ ಊಹಿಸಿ ಎದ್ದುಬಿಡುತ್ತಿದ್ದೆ.

ಒಂದು ದಿನ ‘ಅಮ್ಮ’ ಮುಟ್ಟಿದಳು, ‘ನೀರು’ ಮುಟ್ಟಿದಳು. “ಗಂಗಮ್ಮ, ಮಗಳಿಗೆ ನೀರು ಬೇಕಂತೆ” ಎಂದೆ. ಗಿರಿಜೆ ಲೋಟ ತಳ್ಳಿ ಚೆಲ್ಲಿದಳು. ಮರುದಿನವೂ ಅದೇ ಮಾತು, ಅದೇ ಲೋಟ. ಮೂರನೆಯ ದಿನ ಅವಳು ಹಲಗೆ ಗುದ್ದಿ ಕಿರುಚಿಕೊಂಡಾಗ ತೆಪ್ಪಗೆ ಕೂತೆ. ಮುಷ್ಟಿ ತೆವಳಿ ತೆವಳಿ ಹೋಗಿ ‘ಕಣ್ಣು’ ಮುಟ್ಟಿತು.

ಅಮ್ಮ ಅಳುತ್ತಿದ್ದಾಳೆ! ‘ಅಳು’ ಎಂಬ ಚಿಹ್ನೆಯನ್ನೇ ನಾನು ಹಲಗೆಗೆ ಹಾಕಿರಲಿಲ್ಲ.

“ಏನಿಲ್ಲ ಬುಡಿ ಟೀಚರಮ್ಮ, ವಸಿ ಹೊಟ್ಟೆನೋವು. ಆರು ತಿಂಗಳಿಂದ ಐತೆ” ಎಂದರು ಗಂಗಮ್ಮ. ಅರಸೀಕೆರೆ ಆಸ್ಪತ್ರೆಗೆ ಕರೆದೊಯ್ದೆ. ಗಡ್ಡೆ ಆಗಲೇ ಬಲಿತಿತ್ತು. ಅವರು ಆ ವರ್ಷ ದಾಟಲಿಲ್ಲ.

ತಿಥಿ ಮುಗಿದ ಮೇಲೆ ಗಿರಿಜೆಯ ಅಣ್ಣ ಶಂಕರ, ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದವನು, “ಮನೆಗೆ ಬೀಗ ಹಾಕಿ ಇವಳನ್ನ ಕರ್ಕಂಡು ಹೋಗ್ತೀನಿ” ಎಂದ. ಗಿರಿಜೆ ‘ನಾನು’, ‘ಕೇಳು’ ಎರಡನ್ನೇ ಮತ್ತೆ ಮತ್ತೆ ಮುಟ್ಟಿದಳು.

“ನನ್ನನ್ನು ಕೇಳು ಅಂತಿದ್ದಾಳೆ ಕಣೋ ಶಂಕರ.”

“ಅವಳಿಗೇನ್ ಗೊತ್ತಾಯ್ತದೆ ಮೇಡಂ? ನೀವು ಹೇಳ್ಕೊಟ್ಟಿದ್ದನ್ನ ಮುಟ್ತಾಳೆ, ಅಷ್ಟೆ.”

ಹೊರಡುವ ದಿನ ಕಾರಿನ ಬಳಿ ಹೋಗಿ ಹಲಗೆ ಚಾಚಿದೆ. “ಜಾಗ ಇಲ್ಲ, ಮುಂದಿನ ಸಲ ನೋಡನ” ಎಂದು ಗಾಜು ಏರಿಸಿದ. ಗಿರಿಜೆ ನನ್ನನ್ನೇ ನೋಡುತ್ತ ಗಾಜಿಗೆ ಮುಷ್ಟಿ ಬಡಿಯುತ್ತಿದ್ದಳು. ಕಾರಿಗೆ ಅಡ್ಡ ನಿಂತು ಜಗಳವಾಡಬೇಕಿತ್ತು. ನಾನು ಆಡಲಿಲ್ಲ.

ವಿಳಾಸ ಹುಡುಕಿ, ಹಲಗೆಯನ್ನು ಪಾರ್ಸೆಲ್ ಮಾಡಲೇ ಎಂದು ಕಾಗದ ಬರೆದೆ. ತಿಂಗಳಾದ ಮೇಲೆ ಶಂಕರನ ಕಾರ್ಡು ಬಂತು: “ಗಿರಿಜ ಕ್ಷೇಮ. ಹಲಗೆ ಬೇಡವೆಂದು ನಿಮಗೆ ತಿಳಿಸಲು ಹೇಳಿದ್ದಾಳೆ.”