ಹೂವಿನಕ್ಕನ ಹಳೆಯ ಕಂಪ್ಯೂಟರ್

ಬಟ್ಟೆಗೆ ಕಸೂತಿ ಹಾಕಿಕೊಡುವ ಹೂವಿನಕ್ಕ ಮನೆಯ ಹಳೆಯ ಕಂಪ್ಯೂಟರನ್ನು ಆಫ್ ಮಾಡುತ್ತಲೇ ಇರಲಿಲ್ಲ. ಅವಳು ಬಿಡಿಸಿದ ಹೂಬಳ್ಳಿಗಳೆಲ್ಲ ಅದರೊಳಗಿದ್ದವು. ಹೊಸ ಕಂಪ್ಯೂಟರುಗಳು ಅವನ್ನು ತೆರೆಯುವುದಿರಲಿ, ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. "ಇನ್ನೊಂದ್ಸಲ ಆಫ್ ಆದ್ರೆ ಏಳೋದು ಅನುಮಾನ ಅಕ್ಕಾ," ಎಂದು ರಿಪೇರಿಯವನು ಕೈಚೆಲ್ಲಿದ್ದ. ಗಂಡನಿಗೋ, ಕೋಣೆಯಿಂದ ಹೊರಡುವಾಗ ಬಾಗಿಲ ಬಳಿಯ ಸ್ವಿಚ್ಚುಗಳನ್ನೆಲ್ಲ ಆಫ್ ಮಾಡುವ ಚಾಳಿ. ಆ ಬೆಳಿಗ್ಗೆ ಕಂಪ್ಯೂಟರಿನದನ್ನೂ ಮಾಡಿಬಿಟ್ಟಿದ್ದ.

ಅಕ್ಕ ಓಡಿಬಂದು ಸ್ವಿಚ್ ಹಾಕಿದಳು. ಕಂಪ್ಯೂಟರಿನ ಗುಂಡಿ ಒತ್ತಿದಳು. ಪರದೆ ಕಪ್ಪಗೇ ಇತ್ತು. ಮತ್ತೆ ಒತ್ತಿದಳು. ಬಿಳಿ ಅಕ್ಷರಗಳು ನಾಲ್ಕು ಸಾಲು ಬಂದು ಅಲ್ಲೇ ನಿಂತವು. ಇನ್ನೊಮ್ಮೆ ಒತ್ತಿ, ಕಣ್ಣು ಮುಚ್ಚಿ ಕೂತಳು. ಕಣ್ಣು ಬಿಟ್ಟಾಗ ಪರದೆಯ ತುಂಬ ಅವಳ ಹೂಗಳಿದ್ದವು. ಹೋದ ಜೀವ ಬಂದಂತಾಯಿತು. ಹಿಂದೆಯೇ ಸಿಟ್ಟೂ ಬಂತು.

"ಬಂತೇನೇ?" ಬಾಗಿಲಾಚೆಯಿಂದ ಗಂಡನ ದನಿ ಕೇಳಿತು.

ಇವರೂ ಸ್ವಲ್ಪ ಒದ್ದಾಡಲಿ ಎಂದುಕೊಂಡು ಅಕ್ಕ ಮಾನಿಟರನ್ನಷ್ಟೇ ಆಫ್ ಮಾಡಿ, "ಎಲ್ಲಿಂದ ಬರತ್ತೆ? ಮುಗೀತು ಅದರ ಕಥೆ," ಎಂದಳು.

ಅವನು ಒಳಬಂದು ಕಪ್ಪು ಪರದೆ ನೋಡಿದ. "ತಪ್ಪಾಯ್ತು ಕಣೇ," ಎಂದು ಮುಖ ಸಣ್ಣದು ಮಾಡಿಕೊಂಡು ಹೊರಟವನ ಕೈ, ಬಾಗಿಲ ಬಳಿ ಎಂದಿನಂತೆ ಗೋಡೆಯತ್ತ ಹೋಯಿತು. ಅಕ್ಕ "ಅಯ್ಯೋ!" ಎನ್ನುವ ಮೊದಲೇ ಟಕ್ಕೆಂದಿತು.