ಪ್ರಮೀಳಾ ಆಂಟಿ ನೋಡುತ್ತಿದ್ದ ಸೀರಿಯಲ್ಲು

ಪರದೆಯ ಮೇಲೆ ಹುಡುಗರು ಬಡಿದಾಡತೊಡಗಿದರೆ ಪ್ರಮೀಳಾ ಆಂಟಿ ಸೆರಗಿನಿಂದ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಟಿ.ವಿ. ಆರಿಸಲು ಮಾತ್ರ ಬಿಡುತ್ತಿರಲಿಲ್ಲ. "ಇರ್ಲಿ ಬಿಡೇ, ಮುಗಿದ್ಮೇಲೆ ಹೇಳು" ಎನ್ನುತ್ತಿದ್ದರು.

ಕಗ್ಗದಾಸಪುರದಲ್ಲಿ ಅವರ ಮನೆಯ ಮಹಡಿಯ ಮೇಲೆ ನಾನು ನಾಲ್ಕು ವರ್ಷ ಬಾಡಿಗೆಗಿದ್ದೆ. ಅವರು ವಿಮಾ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತರಾದವರು, ಮದುವೆಯಾಗಿರಲಿಲ್ಲ. ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಬರುತ್ತಿದ್ದ ನಾನು ಸಂಜೆ ಅವರ ಸೋಫಾದ ಮೇಲೆ ಕಾಲು ಚಾಚುತ್ತಿದ್ದೆ. ನನಗೂ ಕಾಯುವವರು ಯಾರೂ ಇರಲಿಲ್ಲ.

ಅವರಿಗೆ ಬೇಕಾದದ್ದು ಒಂದೇ ಬಗೆಯ ಕಥೆ: ತಪ್ಪು ಮಾಡಿ ಸಿಕ್ಕಿಬಿದ್ದ ಹದಿನಾರು, ಹದಿನೇಳರ ಹುಡುಗರ ಜೈಲು. ಯಾವ ದೇಶದ್ದಾದರೂ ಸರಿ, ಹಿಂದಿಗೆ ಡಬ್ ಆಗಿದ್ದರೆ ಸಾಕು.

"ಅತ್ತೆ ಸೊಸೆ ಸೀರಿಯಲ್ ನೋಡ್ಬಾರ್ದಾ ಆಂಟಿ?" ಎಂದು ಒಮ್ಮೆ ಕೇಳಿದೆ.

"ಅದ್ರಲ್ಲಿ ಮಾತೆತ್ತಿದ್ರೆ ಮನೆ ಬಿಟ್ಟು ಹೋಗ್ತಾರೆ. ಇಲ್ಲಿ ನೋಡು, ಯಾರೂ ಎಲ್ಲೂ ಹೋಗಲ್ಲ. ದಿನಾ ಅವೇ ಮುಖ. ನಂಗೂ ಜೊತೆ."

ಒಂದು ಸಂಜೆಯ ಕಂತಿನಲ್ಲಿ, ಮನೆಯವರು ಭೇಟಿಗೆ ಬರುವ ದಿನ ಒಬ್ಬ ಹುಡುಗ ಬೆಂಚಿನ ಮೇಲೆ ಕಾದು ಕುಳಿತಿದ್ದ. ಯಾರೂ ಬರಲಿಲ್ಲ. ಆಂಟಿ ತಾವೇ ಟಿ.ವಿ. ಆರಿಸಿದರು.

"ನನ್ನ ತಮ್ಮ ಮುರಳೀನೂ ಹೀಗೆ ಇಟ್ಟಿದ್ರು ಕಣೇ. ಸ್ನೇಹಿತರ ಜೊತೆ ಯಾರದೋ ಸ್ಕೂಟರ್ ಕದ್ದು ಓಡಿಸ್ದ. ಒಬ್ಬ ಮುದುಕಪ್ಪನ ಕಾಲು ಹೋಯ್ತು. ಎಂಟು ತಿಂಗಳು ರಿಮಾಂಡ್ ಹೋಮ್. 'ಅಲ್ಲಿಗೆ ಹೋದವರು ಈ ಮನೆಗೆ ಬರಬೇಡಿ' ಅಂದ್ರು ಅಪ್ಪ. ನಾನು ಆಗ್ಲೇ ಕೆಲಸಕ್ಕೆ ಸೇರಿದ್ದೆ. ದಿನಾ ನನ್ನ ಬಸ್ಸು ಆ ಹೋಮಿನ ಗೇಟಿನ ಮುಂದೇನೇ ಹೋಗ್ತಿತ್ತು. ಒಂದಿನಾನೂ ಇಳೀಲಿಲ್ಲ."

ಮುಂದಿನ ಭಾನುವಾರ ನನ್ನನ್ನು ಜೊತೆಗೆ ಕರೆದುಕೊಂಡು ಅವರು ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನ ಕಡೆಗೆ ಹೊರಟರು. ಅಲ್ಲಿ ಹಿಂದಿನ ಗಲ್ಲಿಯ ಒಂದು ಕೋಣೆಯಲ್ಲಿ ಮುರಳಿ ಒಬ್ಬರೇ ಇದ್ದರು. ಲಾರಿ ಓಡಿಸಿ ಸೊಂಟ ಬಿದ್ದುಹೋದ ಮನುಷ್ಯ.

"ಬನ್ನಿ, ಕೂತ್ಕೊಳ್ಳಿ" ಎಂದು ಆಂಟಿಗೆ ಕುರ್ಚಿ ತೋರಿಸಿದರು. ಒಡಹುಟ್ಟಿದ ಅಕ್ಕನಿಗೆ ಬಹುವಚನ. ಆಂಟಿಯ ಮುಖ ಸಣ್ಣಗಾಯಿತು.

ಮುರಳಿ ಕಾಫಿ ಮಾಡಿ ತಂದಿಟ್ಟರು. ಅದು ಆರಿದ ಮೇಲೆ ಆಂಟಿ, "ಆವಾಗ ನಾನು ಬರಬೇಕಿತ್ತು, ಮುರಳಿ" ಎಂದರು.

ಮುರಳಿ ಲೋಟ ನೋಡುತ್ತಲೇ ಹೇಳಿದರು: "ಭಾನುವಾರ ಸ್ನಾನ ಮಾಡಿ, ತಲೆ ಬಾಚ್ಕೊಂಡು ಕೂತಿರ್ತಿದ್ದೆ. ಎರಡು ತಿಂಗಳು. ಆಮೇಲೆ ಬಾಚೋದು ಬಿಟ್ಟೆ."

ಬಸ್ಸಿನಲ್ಲಿ ಆಂಟಿ, "ಬೈದುಬಿಟ್ಟಿದ್ರೆ ಚೆನ್ನಾಗಿತ್ತು" ಎಂದರು.

ಆಮೇಲೆ ಪ್ರತಿ ಭಾನುವಾರ ಹೋದರು, ಮಂಡಿ ಕೈಕೊಡುವವರೆಗೆ. ಮುರಳಿ ಒಮ್ಮೆಯೂ ಇತ್ತ ಬರಲಿಲ್ಲ. ನನಗೆ ಸಿಟ್ಟು ಬಂದು, "ಅವ್ರಿಗೆ ಒಂದಿನ ಬರೋಕಾಗಲ್ವಾ?" ಅಂದುಬಿಟ್ಟೆ. "ಸುಮ್ನಿರೇ" ಎಂದು ಗದರಿದರು. "ಅವನಿಗೆ ಬಂದು ಹೋಗೋ ಅಭ್ಯಾಸ ಇಲ್ಲ. ನಾವು ಕಲಿಸ್ಲಿಲ್ಲ."

ಕಳೆದ ಮಾಗಿಯಲ್ಲಿ, ಮಧ್ಯಾಹ್ನದ ನಿದ್ದೆಯಲ್ಲೇ ಆಂಟಿ ಹೋದರು. ನಾನೇ ಫೋನ್ ಮಾಡಿ ತಿಳಿಸಿದೆ. ಒಂದು ಗಂಟೆಯೊಳಗೆ ಮುರಳಿ ಬಂದರು. ಚಪ್ಪಲಿ ಬಿಟ್ಟು ಹೊಸ್ತಿಲಾಚೆಯೇ ನಿಂತರು. ಒಳಗೆ ನೆಲದ ಮೇಲೆ ಅಕ್ಕನನ್ನು ಮಲಗಿಸಿದ್ದೆವು. ಅವರು ಬಾಡಿಗೆಯವಳಾದ ನನ್ನನ್ನು ಕೇಳಿದರು:

"ನಾನು ಒಳಗೆ ಬರಬಹುದೇನಮ್ಮಾ?"